ಹೊಲದಲ್ಲಿ ಸಿಕ್ಕ ಬ್ರಿಟಿಷ್ ಸೇನೆಯ ಬಟನ್ ಯಾವ ಕಾಲದ್ದು?

ಪ್ರಶ್ನೆ:
ಸರ್, ನಾನಿರುವುದು ಇಂಗ್ಲೆಂಡಿನಲ್ಲಿ. ಹೊಲದ ಮಾಲೀಕರನ್ನು ಕೇಳಿಕೊಂಡೇ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುತ್ತೇನೆ. ಈಗ ಎರಡು ಬಟನ್ ಸಿಕ್ಕಿವೆ. ಒಂದು ಬೂದು ಬಣ್ಣ, ಚಪ್ಪಟೆ, ಮೇಲೆ 33 ಅಂತಿದೆ. ಇನ್ನೊಂದು ಹಿತ್ತಾಳೆ, ಅದರಲ್ಲಿ ಸಿಂಹ, ಯೂನಿಕಾರ್ನ್ (ಒಂದೇ ಕೊಂಬಿನ ಕುದುರೆ), ಕಿರೀಟ ಇವೆ. 33 ಅಂದ್ರೆ 1833 ಇರಬಹುದಾ?

ಉತ್ತರ:
ಇಸವಿ ಅಲ್ಲ, ಅದು ರೆಜಿಮೆಂಟಿನ ನಂಬರು. 1767ರಿಂದ ಸಿಪಾಯಿಗಳ ಬಟನ್ ಮೇಲೆ ನಂಬರು ಬಂತು. 33 ಅಂದ್ರೆ ಕಾಲ್ದಳದ 33ನೇ ರೆಜಿಮೆಂಟ್, 1799ರಲ್ಲಿ ಟಿಪ್ಪುವಿನ ವಿರುದ್ಧ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಜೊತೆ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಪಡೆಯೇ! ಬೂದು ಲೋಹ ಪ್ಯೂಟರ್ ಇರಬೇಕು, ತವರ ಜಾಸ್ತಿ ಇರುವ ಮಿಶ್ರಲೋಹ. ಸಿಪಾಯಿಗಳಿಗೆ 1855ರವರೆಗೆ ಅದೇ, ಆಮೇಲೆ ಹಿತ್ತಾಳೆ. ಅಲ್ಲಿಗೆ ನಿಮ್ಮದು 1767 ಮತ್ತು 1855ರ ನಡುವಿನದು.

ಎರಡನೆಯದು 1871ರ ಈಚಿನದು. ಆ ವರ್ಷ ಹೆಚ್ಚಿನ ರೆಜಿಮೆಂಟುಗಳ ಸಿಪಾಯಿಗಳಿಗೆ ನಂಬರು ಬಿಟ್ಟು ಒಂದೇ ರಾಜಲಾಂಛನದ ಬಟನ್ ಕೊಟ್ಟರು. ಕಿರೀಟದ ಕಮಾನು ಗುಮ್ಮಟದಂತೆ ಉಬ್ಬಿದ್ದರೆ ಹೆಚ್ಚಾಗಿ 1901ರಿಂದ 1952ರೊಳಗಿನದು. ನಡುವೆ ತಗ್ಗಿದ್ದರೆ ವಿಕ್ಟೋರಿಯಾ ಕಾಲದ್ದೂ ಆಗಬಹುದು, ಎರಡನೇ ಎಲಿಜಬೆತ್ ಕಾಲದ್ದೂ ಆಗಬಹುದು. ಆಗ ಬಟನ್ ತಿರುಗಿಸಿ ತಯಾರಕರ ಹೆಸರು ಓದಿ. ‘ಬಟನ್ಸ್ ಲಿಮಿಟೆಡ್, ಬರ್ಮಿಂಗ್ಹ್ಯಾಮ್’ ಅಂತಿದ್ದರೆ 1907ಕ್ಕಿಂತ ಹಿಂದಿನದಲ್ಲ, ಕಂಪನಿ ಹುಟ್ಟಿದ್ದೇ ಆಗ.

ಪ್ರಶ್ನೆ ಕೇಳಿದವರು:
ಹಾಗಾದ್ರೆ ಆ ಹೊಲದಲ್ಲಿ ಸೇನೆ ಬೀಡುಬಿಟ್ಟಿತ್ತು ಅಂತಾಯ್ತಲ್ವಾ?

ಉತ್ತರ:
ಅಷ್ಟು ಬೇಗ ಬೇಡ. ಹಿಂದೆ ಅಲ್ಲಿ ಉಣ್ಣೆ ಬಟ್ಟೆಯ ಚಿಂದಿಯನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು, ಕೊಳೆತ ಉಣ್ಣೆಯಲ್ಲಿ ಸಾರಜನಕ ಚೆನ್ನಾಗಿರುತ್ತದೆ. ಸೇನೆಯ ಹಳೇ ಕೋಟುಗಳೂ ಚಿಂದಿ ವ್ಯಾಪಾರಿಗಳ ಕೈ ಸೇರುತ್ತಿದ್ದವು. ಕಿತ್ತಷ್ಟು ಬಟನ್ ಕಿತ್ತರು, ಉಳಿದವು ಬಟ್ಟೆ ಜೊತೆ ಮಣ್ಣಿಗೆ. ಅದಕ್ಕೇ ಬೇರೆ ಬೇರೆ ಕಾಲದ ಬಟನ್ ಒಂದೇ ಹೊಲದಲ್ಲಿ ಚೆಲ್ಲಾಪಿಲ್ಲಿ ಸಿಕ್ಕರೆ ನನಗೆ ಮೊದಲು ಅನುಮಾನ ಬರೋದು ಗೊಬ್ಬರದ ಮೇಲೆ. ಒಂದೇ ನಂಬರಿನವು ಒಂದೇ ಕಡೆ, ಜೊತೆಗೆ ಸೀಸದ ಗುಂಡುಗಳೂ ಸಿಕ್ಕರೆ ಬೀಡಿನ ಮಾತಾಡೋಣ. ಸಿಕ್ಕ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡುತ್ತಾ ಹೋಗಿ.

ಇನ್ನೊಬ್ಬ ಸದಸ್ಯರು:
ನಿಂಬೆಹಣ್ಣು ಹಾಕಿ ಉಜ್ಜಿದ್ರೆ ಫಳಫಳ ಅನ್ನುತ್ತೆ ಅಲ್ವಾ ಸರ್?

ಉತ್ತರ:
ಅನ್ನುತ್ತೆ, ಜೊತೆಗೆ ಚಿನ್ನದ ಲೇಪ ಇದ್ದರೆ ಅದೂ ಹೋಗುತ್ತೆ, ಹಿಂದಿನ ಅಕ್ಷರವೂ ಹೋಗುತ್ತೆ. ದಯವಿಟ್ಟು ಬೇಡ. ಡಿಸ್ಟಿಲ್ಡ್ ವಾಟರಲ್ಲಿ ನೆನೆಸಿ, ಮಣ್ಣು ತಾನಾಗಿ ಸಡಿಲವಾದ ಮೇಲೆ ಮೆತ್ತನೆ ಬ್ರಷ್ ಆಡಿಸಿ. ಪ್ಯೂಟರ್ ಸುಮ್ನೆ ಉಗುರು ತಾಗಿದರೂ ಗೀರು ಬೀಳುವಷ್ಟು ಮೆತ್ತಗಿರುತ್ತೆ. ಅಕ್ಷರ ಕಾಣದಿದ್ದರೆ ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆದು ಇಲ್ಲಿ ಹಾಕಿ, ನೋಡೋಣ.