ಆಂಟಿಆಕ್ಸಿಡೆಂಟ್‌ಗೆ ಕನ್ನಡ ಪದ ಬೇಕು, ನಾಳೆ ಅಚ್ಚಿಗೆ

ಆಹಾರದ ಬಗೆಗಿನ ಕರಪತ್ರ. ಕರಡಿನಲ್ಲಿ ‘ಪ್ರತಿ ಆಮ್ಲಜನಕ’ ಎಂದಿದೆ, ಅದರ ಕೆಳಗೆ ‘ಹೆಚ್ಚಿದಷ್ಟೂ ಒಳಿತು’ ಎಂಬ ಸಾಲು. ಸಿ, ಇ ಜೀವಸತ್ವ, ಬೀಟಾ ಕ್ಯಾರೊಟಿನ್, ಸೆಲೆನಿಯಂ ಎಲ್ಲಕ್ಕೂ ಒಪ್ಪುವ ಒಂದೇ ಪದ ಬೇಕು.

ಮರು:
ತಪ್ಪು. ‘ಉತ್ಕರ್ಷಣ ನಿರೋಧಕ’ ಹಾಕಿ. ಅಂದಹಾಗೆ ‘ಆಮ್ಲಜನಕ’ವೇ ಎರವಲು ತಂದ ಎಡವಟ್ಟು. ಆಮ್ಲಗಳಿಗೆಲ್ಲ ಇದೇ ಮೂಲವೆಂದು ಫ್ರೆಂಚ್ ರಸಾಯನಜ್ಞ ಲವಾಸಿಯೇ ನಂಬಿ ಇಟ್ಟ ಹೆಸರಿನ ತದ್ರೂಪು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ; 1810ರಲ್ಲೇ ಇಂಗ್ಲೆಂಡಿನ ರಸಾಯನಜ್ಞ ಡೇವಿ ಹೇಳಿಯಾಗಿದೆ. ನಾವಿನ್ನೂ ಹೊತ್ತು ತಿರುಗುತ್ತಿದ್ದೇವೆ.

ಮರು:
ಉತ್ಕರ್ಷಣ ಯಾರಿಗೆ ತಿಳಿಯುತ್ತೆ? ಸಂಸ್ಕೃತದ ಹೊರೆ ಸಾಕು. ‘ಉಸಿರುಗಾಳಿ ತಡೆ’ ಎನ್ನಿ.

ಮರು:
ಓದಿದವರು ಉಸಿರುಗಟ್ಟಿಸುವ ಮದ್ದು ಅಂದುಕೊಂಡಾರು! ಇಲ್ಲಿ ತಡೆಯಬೇಕಾದ್ದು ಗಾಳಿಯನ್ನಲ್ಲ, ಎಲೆಕ್ಟ್ರಾನ್ ಕಸಿಯುವುದನ್ನು; ಅದೇ ಉತ್ಕರ್ಷಣ. ಒಂಟಿ ಎಲೆಕ್ಟ್ರಾನಿನ ರ್‍ಯಾಡಿಕಲ್ ಕೋಶಪೊರೆಯ ಕೊಬ್ಬಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಆ ಕೊಬ್ಬು ಪಕ್ಕದ್ದರಿಂದ ಕೀಳುತ್ತದೆ, ಹೀಗೇ ಸರಪಳಿ. ಇ ಜೀವಸತ್ವ ತನ್ನ ಹೈಡ್ರೋಜನ್ ಕೊಟ್ಟು ಆ ಸರಪಳಿಯನ್ನು ತುಂಡರಿಸುತ್ತದೆ. ಕೊಟ್ಟು ಬರಿದಾದ ಇ-ಯನ್ನು ಸಿ ಮತ್ತೆ ಸಜ್ಜುಗೊಳಿಸುತ್ತದೆ. ಸೆಲೆನಿಯಂ ಹಾಗಲ್ಲ, ಪೆರಾಕ್ಸೈಡ್ ಒಡೆಯುವ ಕಿಣ್ವದ ಭಾಗ. ಕೆಲಸ ಬೇರೆಬೇರೆಯಾದರೂ ‘ನಿರೋಧಕ’ ಎಲ್ಲಕ್ಕೂ ಹೊಂದುತ್ತದೆ.

ಪದ ಹೇಗೋ ಇರಲಿ, ‘ಹೆಚ್ಚಿದಷ್ಟೂ ಒಳಿತು’ ಅಪಾಯದ ಮಾತು. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಿಗೆ ದಿನಕ್ಕೆ 20 ಮಿ.ಗ್ರಾಂ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟು ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಸುಮಾರು ಶೇ 18ರಷ್ಟು ಏರಿತು, 1994ರಲ್ಲಿ ಪ್ರಕಟವಾದದ್ದು. ಇದು ಮಾತ್ರೆಯ ಮಾತು, ಹಣ್ಣು ತರಕಾರಿಯದಲ್ಲ. ಜಾಗವಿದ್ದರೆ ಅಡುಗೆಯದೂ ಸೇರಿಸಿ: ಸಿ ನೀರಿಗಿಳಿಯುತ್ತದೆ, ಬೇಯಿಸಿದ ನೀರು ಚೆಲ್ಲಿದರೆ ಅದೂ ಹೋಯಿತು. ಟೊಮೆಟೊಗೆ ಕೆಂಪು ಕೊಡುವ ಲೈಕೊಪೀನ್ ಉಲ್ಟಾ, ಎಣ್ಣೆಯಲ್ಲಿ ಬೆಂದರೇ ಮೈಗೆ ಹೆಚ್ಚು ಹತ್ತುತ್ತದೆ.

ಮರು:
ಕ್ಯಾನ್ಸರ್, ಎಲೆಕ್ಟ್ರಾನ್ ಹಾಗೇ ಒಳಗೆ ಬಂದಿವೆ. ಆಂಟಿಆಕ್ಸಿಡೆಂಟ್‌ಗೆ ಮಾತ್ರ ಯಾಕೆ ಮಡಿ?

ಮರು:
ಸರಿ, ಕ್ರಿಯಾಪದವೊಂದನ್ನು ಕನ್ನಡದಲ್ಲಿ ಉಳಿಸಿಕೊಳ್ಳಿ, ಸಾಕು.

ಮರು:
ಪ್ರತ್ಯಯವನ್ನೂ.

ಮರು:
ಜಗಳ ಆಮೇಲೆ ಆಡಿ. ತಲೆಬರಹಕ್ಕೆ ‘ಆಂಟಿಆಕ್ಸಿಡೆಂಟ್’, ಮೊದಲ ಸಾಲಿನಲ್ಲಿ ಒಮ್ಮೆ ‘ಉತ್ಕರ್ಷಣ ನಿರೋಧಕ’. ‘ಹೆಚ್ಚಿದಷ್ಟೂ’ ಸಾಲು ಹೊಡೆದುಹಾಕಿದೆ. ಫ್ರೀ ರ್‍ಯಾಡಿಕಲ್‌ಗೆ ‘ಮುಕ್ತ ಮೂಲಕ’ ಆದೀತೇ?

ಮರು:
ಅದು ಹಿಂದಿಯದು. ಕನ್ನಡದವರು ‘ಯಾರ ಮೂಲಕ?’ ಅಂತಾರೆ. ‘ರ್‍ಯಾಡಿಕಲ್’ ಎಂದೇ ಬಿಡಿ.