ವಜ್ರದ ತಿಳಿ ನಡುಭಾಗದಲ್ಲೂ ನೀರಿನ ಪಟ್ಟಿ ಬರ್ತಾ ಇದೆ, ಎಲ್ಲಿ ತಪ್ಪಿದೆ?

ಪ್ರಶ್ನೆ (ಕುಂಬಳೆ, ಕಾಸರಗೋಡು):
ನಮಸ್ಕಾರ. ಎರಡೂ ಬದಿ ಪಾಲಿಶ್ ಮಾಡಿದ ತೆಳು ವಜ್ರದ ಚೂರೊಂದು ನನ್ನ ಹತ್ತಿರ ಇದೆ. ನಡುವೆ ಗಾಜಿನ ಹಾಗೆ ತಿಳಿ, ಸುತ್ತ ಗಂಜಿತಿಳಿ ಬಣ್ಣದ ಮಂಕು ಪದರ. ಆ ಪದರದಲ್ಲಿ ಸಿಕ್ಕಿಕೊಂಡ ನೀರನ್ನು ಎಫ್‌ಟಿಐಆರ್ ಮೈಕ್ರೋಸ್ಕೋಪಿನಲ್ಲಿ (ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತೆ ಅಂತ ಅಳೆಯೋ ಸಾಧನ) ನೋಡಬೇಕು ಅಂತ ಬಹಳ ದಿನದ ಆಸೆ. ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್ ಉಪ್ಪು) ಡಿಸ್ಕಿನ ಮೇಲಿಟ್ಟು, ಬೆಳಿಗ್ಗೆ ಒಂದು ಬ್ಯಾಕ್‌ಗ್ರೌಂಡ್ (ಆಮೇಲೆ ಕಳೆಯಲು ಚೂರಿಲ್ಲದೆ ತೆಗೆಯೋ ಅಳತೆ) ತೆಗೆದು, ಸಂಜೆವರೆಗೂ ಅಳೆದೆ. ನೀರಿನ ಗುರುತಾದ 3400 ಆಸುಪಾಸಿನ ಅಗಲ ಪಟ್ಟಿ, 1640ರದ್ದು, ಎರಡೂ ಬಂದವು (ಅಂಕಿಗಳೆಲ್ಲ ತರಂಗಸಂಖ್ಯೆ, cm⁻¹). ಆದರೆ ತಿಳಿ ನಡುಭಾಗದಲ್ಲೂ ಅವೇ ಇವೆ! ಹೊರಗೆ ಜುಲೈ ಮಳೆ, ಮೂರು ದಿನದಿಂದ ಇದೇ ತಲೆಬಿಸಿ.

ಉತ್ತರ (ಗುಂತಕಲ್ಲು):
ನಡುಭಾಗ ಅಳೆದು ಒಳ್ಳೇದು ಮಾಡಿದ್ರಿ. ಅಲ್ಲಿ ಕಾಣೋದು ವಜ್ರದ ನೀರಲ್ಲ, ಡಿಸ್ಕಿನದ್ದು. ಕೆಬಿಆರ್ ಗಾಳಿಯ ತೇವ ಕುಡಿಯುತ್ತೆ. ಮಳೆಗಾಲದಲ್ಲಿ ಅಡುಗೆಮನೆ ಉಪ್ಪು ನೀರೊಡೆಯೋದನ್ನ ನೋಡಿದ್ದೀರಲ್ಲ, ಹಾಗೇ. ಬೆಳಗಿನ ಬ್ಯಾಕ್‌ಗ್ರೌಂಡಿನಲ್ಲಿ ಆ ತೇವ ಇರಲಿಲ್ಲ, ಅದಕ್ಕೇ ಕಳೆದುಹೋಗಲಿಲ್ಲ. ಚೂರನ್ನು ಸರಿಸಿ, ಬರೀ ಡಿಸ್ಕನ್ನು ಅಳೆದು ನೋಡ್ರಿ.

ಆಮೇಲೆ ಕೆಬಿಆರ್ ಬಿಟ್ಟೇಬಿಡಿ. ತೆಳು ಲೋಹದ ತಗಡಿಗೆ ಚೂರಿಗಿಂತ ಸಣ್ಣ ತೂತು ಕೊರೆದು ಅದರ ಮೇಲೆ ಕೂರಿಸಿ. ಬೆಳಕು ವಜ್ರವನ್ನಲ್ಲದೆ ಬೇರೇನನ್ನೂ ದಾಟಬಾರದು. ಒಣ ಸಾರಜನಕ ಹರಿಸಿ, ಪ್ರತಿ ಅಳತೆಗೂ ಹೊಸ ಬ್ಯಾಕ್‌ಗ್ರೌಂಡ್ ತೆಗೀರಿ. 3600–3900 ನಡುವೆ ಕೂದಲೆಳೆಯಂಥ ಗೆರೆಗಳು ಗುಂಪಾಗಿ ಬಂದರೆ ಅದು ಕೋಣೆಯ ಆವಿ. ದ್ರವ ಸಾರಜನಕ ಸುರಿಯೋ ಡಿಟೆಕ್ಟರಾದರೆ ಇನ್ನೊಂದು ತೊಂದರೆ: ನಿರ್ವಾತ ಕೆಟ್ಟಾಗ ಒಳಗೆ ಮಂಜು ಕಟ್ಟಿ 3250 ಹತ್ತಿರ ಪಟ್ಟಿ ಏರ್ತಾ ಹೋಗುತ್ತೆ. 3107ರ ಚೂಪು ಗೆರೆ ಮಾತ್ರ ನೀರಲ್ಲ. ವಜ್ರದ ಜಾಲರಿಯಲ್ಲೇ ಸಾರಜನಕದ ಜೊತೆ ಸೇರಿಕೊಂಡ ಹೈಡ್ರೋಜನ್.

ನಮ್ಮ ವಜ್ರಕರೂರಿನ ಹೊಲಗಳಲ್ಲಿ ಮಳೆ ಮಣ್ಣು ತೊಳೆದ ಮೇಲೇ ಜನ ವಜ್ರ ಹುಡುಕೋಕೆ ಇಳಿಯೋದು. ನಿಮ್ಮಲ್ಲಿ ಅದೇ ಮಳೆ ಅಳತೆ ಕೆಡಿಸಿದೆ.

ಕುಂಬಳೆ:
ಸರ್, ಬರೀ ಡಿಸ್ಕಿನಲ್ಲೇ ಪಟ್ಟಿ ಬಂತು! ತಗಡಿನ ಮೇಲಿಟ್ಟು ಮತ್ತೆ ಅಳೆದೆ. ತಿಳಿ ಭಾಗದಲ್ಲಿ 3400 ಹತ್ತಿರ ಚಪ್ಪಟೆ, 3107 ಮಾತ್ರ ಸೂಜಿಯ ಹಾಗೆ ನಿಂತಿದೆ. ಸ್ಟೇಜನ್ನು ಮಂಕು ಪದರದ ಕಡೆ ಸರಿಸುತ್ತಾ ಹೋದ ಹಾಗೆ ಅಗಲ ಪಟ್ಟಿ ಎದ್ದುಬಂತು, ಮೊದಲಿನ ಅರ್ಧ ಎತ್ತರಕ್ಕೆ. 1640 ಕೂಡ ಇದೆ. 1430 ಹತ್ತಿರ ಒಂದು ಉಬ್ಬು, ಅದೇನು?

ಗುಂತಕಲ್ಲು:
ಕಾರ್ಬೊನೇಟ್ ಇರಬೇಕು. 875 ಹತ್ತಿರ ಅದರ ಜೊತೆಯ ಗೆರೆ ಇದ್ದರೆ ಖಾತ್ರಿ. ನಿಮ್ಮ ಮಂಕು ಪದರದ ಹಾಗೆ ನಾರುನಾರಾಗಿ ಬೆಳೆದ ವಜ್ರಗಳಲ್ಲಿ ಸಿಕ್ಕ ಭೂಗರ್ಭದ ದ್ರವದಲ್ಲಿ ನೀರೂ ಕಾರ್ಬೊನೇಟೂ ಇರೋದನ್ನ ವಿಜ್ಞಾನಿ ಓಡೆಡ್ ನಾವೊನ್ ತಂಡ 1988ರಲ್ಲೇ ತೋರಿಸಿತ್ತು. ಎರಡು ಜಾಗ ಹೋಲಿಸುವಾಗ 2000 ಸುತ್ತಲಿನ ವಜ್ರದ್ದೇ ಪಟ್ಟಿಗೆ ಸರಿಹೊಂದಿಸಿ, ದಪ್ಪದ ವ್ಯತ್ಯಾಸ ಹೋಗುತ್ತೆ. ಐಸ್-7 (ಭಾರೀ ಒತ್ತಡದಲ್ಲಿ ಆಗೋ ಮಂಜುಗಡ್ಡೆ) ಅಂತ ಮಾತ್ರ ಈಗಲೇ ಬರೀಬೇಡಿ; 2018ರಲ್ಲಿ ಅದನ್ನ ವಜ್ರದೊಳಗೆ ಗುರುತಿಸಿದ್ದು ಎಕ್ಸ್‌ರೇ ವಿವರ್ತನೆಯಿಂದ. ಕ್ವಾರ್ಟ್ಜ್ ಖನಿಜದ 779, 798ರ ಜೋಡಿ ಗೆರೆ ಸಿಕ್ಕರೆ ಹೇಳ್ರಿ. ಅದು ಹೆಚ್ಚಿನ ಅಂಕಿಯ ಕಡೆ ಸರಿದಿದ್ದರೆ ಒಳಗೆ ಒತ್ತಡ ಇನ್ನೂ ಉಳಿದಿದೆ.