ಅಪ್‌ಡೇಟ್: ಅಮ್ಮನಿಗೆ ಹಳದಿ ಜ್ವರದ ಲಸಿಕೆ ಆಯಿತು

ಕಳೆದ ತಿಂಗಳು ಕೇಳಿದ್ದೆ: ಬದಿಯಡ್ಕದ ನಮ್ಮಮ್ಮ ಅಕ್ಕನ ಬಾಣಂತನಕ್ಕೆ ಉಗಾಂಡಾದ ಕಂಪಾಲಾಕ್ಕೆ ಹೋಗಬೇಕು, ವಯಸ್ಸು 62, ಅಲ್ಲಿಗೆ ಹೋಗುವವರಿಗೆ ಬೇಕಾದ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ಕೊಡಿಸಬಹುದಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

60 ದಾಟಿದವರಿಗೆ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ ಅಂತ ನೀವು ಎಚ್ಚರಿಸಿದ್ದು ಒಳ್ಳೆಯದಾಯಿತು. ಮೊದಲು ನಮ್ಮ ಡಾಕ್ಟರ ಹತ್ತಿರ ತೋರಿಸಿ ಚೀಟಿ ಬರೆಸಿಕೊಂಡೆವು. ಆಮೇಲೆ ರಾತ್ರಿ ರೈಲಲ್ಲಿ ಎರ್ನಾಕುಳಂ, ಅಲ್ಲಿಂದ ವಿಲ್ಲಿಂಗ್ಡನ್ ದ್ವೀಪದ ಬಂದರು ಆರೋಗ್ಯ ಕಚೇರಿ. ಮೊಟ್ಟೆ ತಿಂದರೆ ಅಲರ್ಜಿ ಉಂಟಾ ಅಂತ ವಿಚಾರಿಸಿದರು. ಒಂದೇ ಚುಚ್ಚುಮದ್ದು. ಲಸಿಕೆ ಹಾಕಿಸಿದ್ದಕ್ಕೆ ಸರ್ಟಿಫಿಕೇಟಾಗಿ ಕೊಡುವ ಹಳದಿ ಪುಸ್ತಕದಲ್ಲಿ ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲೇ ಸಹಿ ಹಾಕಿದರು. ಪಾಸ್‌ಪೋರ್ಟಿನಲ್ಲೂ ಅದೇ ಸಹಿ.

ಟಿಕೆಟ್ ಮಾಡಿಸಿದ ಏಜೆಂಟ್ 'ಹೊರಡುವ ಎರಡು ದಿನ ಮೊದಲು ಹಾಕಿಸಿದರೆ ಸಾಕು' ಅಂದಿದ್ದರು. ಅದು ತಪ್ಪು! ಮೊದಲ ಸಲ ಹಾಕಿಸುವವರ ಸರ್ಟಿಫಿಕೇಟಿಗೆ 10 ದಿನ ಕಳೆದ ಮೇಲೆಯೇ ಮಾನ್ಯತೆ. 2016ರ ಜುಲೈಯಿಂದ ಅದು ಜೀವನಪರ್ಯಂತ ನಡೆಯುತ್ತದೆ, ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಿಲ್ಲ. ವಾಪಸು ಬರುವಾಗ ಇಲ್ಲಿನ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ, ಜೋಪಾನವಾಗಿಡಿ.

ಎರಡು ದಿನ ತೋಳು ನೋವು, ಸಣ್ಣಗೆ ಮೈ ಬಿಸಿ ಇತ್ತು. ಈಗ ಆರಾಮ. ಅಮ್ಮ ಬಾಣಂತಿ ಮದ್ದಿನ ಸಾಮಾನು ಕಟ್ಟುತ್ತಿದ್ದಾರೆ.